ಬಗ್ದಾದ್ ಬೀಳದ ಮಧ್ಯಾಹ್ನ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಆಲಂಕಾರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದೆ. ನಮ್ಮ ಹೆಡ್‌ಮಾಸ್ಟರು ತಾಳಮದ್ದಳೆಯಲ್ಲಿ ಪಳಗಿದ ಅರ್ಥಧಾರಿ. ತಾಳಮದ್ದಳೆಗೆ ವೇಷ ಬೇಡ, ಕುಣಿತ ಬೇಡ. ಭಾಗವತರು ಪದ್ಯ ಹಾಡಿದ ಮೇಲೆ ಕುಳಿತಲ್ಲೇ ಪಾತ್ರವಾಗಿ ವಾದಿಸುವುದು. ಪ್ರಸಂಗದಲ್ಲಿ ಸಾಯುವವನೂ ಮಾತಿನಲ್ಲಿ ಸೋಲಬೇಕೆಂದಿಲ್ಲ. ಇವರು ಸೋತದ್ದನ್ನಂತೂ ಯಾರೂ ನೋಡಿರಲಿಲ್ಲ.

ನಿವೃತ್ತಿಯ ದಿನ ಹಾರ, ಭಾಷಣ ಬೇಡ, ಒಂದು ತಾಳಮದ್ದಳೆ ಕೂಟವಾಗಲಿ ಎಂದರು. ಕರ್ಣನೋ ವಾಲಿಯೋ ಇರಬಹುದೆಂದುಕೊಂಡೆ.

"ನೀವು ಒಂಬತ್ತನೆಗೆ ಪಾಠ ಮಾಡ್ತಾ ಉಂಟಲ್ಲ, ಆ ಖಲೀಫರದ್ದು. ಕೊನೆಯ ಖಲೀಫ ನಾನು. ಬಗ್ದಾದಿಗೆ ಮುತ್ತಿಗೆ ಹಾಕುವ ಮಂಗೋಲ ನೀವು. ನಾಳೆಯಿಂದ ನನ್ನ ಕುರ್ಚಿಯಲ್ಲಿ ಕೂರುದು ನೀವೇ ಅಲ್ವಾ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಶಾಲೆಯ ಪ್ರಭಾರ ನನಗೆ ಬರುವುದಿತ್ತು. ಬಿಟ್ಟುಹೋಗಲು ಅವರಿಗೆ ಮನಸ್ಸಿಲ್ಲವೆಂದು ಇಡೀ ಊರಿಗೆ ಗೊತ್ತಿತ್ತು.

ಕನ್ನಡ ಪಂಡಿತರು ಪದ್ಯ ಹೊಸೆದುಕೊಟ್ಟರು. ಮಧ್ಯಾಹ್ನ ಊಟವಾದ ಮೇಲೆ ಕೂಟ. ತಾಳಮದ್ದಳೆಯಲ್ಲಿ ಖಲೀಫ ಎಂಬ ಸುದ್ದಿ ಕೇಳಿ ಪೇಟೆಯ ಮುಸ್ಲಿಂ ವ್ಯಾಪಾರಿಗಳಾದ ಬ್ಯಾರಿಗಳು ಅಂಗಡಿಗೆ ಬಾಗಿಲು ಹಾಕಿ ಬಂದಿದ್ದರು.

ಖಲೀಫ ಭರ್ಜರಿಯಾಗಿಯೇ ಶುರುಮಾಡಿದರು. ಟೈಗ್ರಿಸ್ ದಡದಲ್ಲಿ ಹಿರಿಯರು ಕಟ್ಟಿದ ದುಂಡು ಪಟ್ಟಣ, ಅದರ ನಾಲ್ಕು ಬಾಗಿಲು, ಅರಬಿ ಭಾಷೆಗೆ ಇಳಿದ ಗ್ರೀಕರ ವೈದ್ಯಶಾಸ್ತ್ರ, ನಮ್ಮ ದೇಶದಿಂದ ಹೋದ ಅಂಕೆಗಳು. ಸಭೆ ತಲೆದೂಗಿತು.

ನನ್ನ ಸರದಿ ಬಂತು. "ಈಜಿಪ್ಟು ನಿನ್ನ ವಂಶದ ಕೈಬಿಟ್ಟು ಎಷ್ಟು ಕಾಲವಾಯಿತು? ಖುರಾಸಾನ್ ಯಾರದು? ಕೂಲಿಗೆ ಬಂದ ದಂಡಾಳುಗಳೇ ನಿನ್ನ ಹಿರಿಯರನ್ನು ಪಟ್ಟಕ್ಕೆ ಕೂರಿಸಿ ಇಳಿಸಲಿಲ್ಲವೇ? ಶುಕ್ರವಾರದ ಪ್ರಾರ್ಥನೆಯಲ್ಲಿ ಓದುವ ಹೆಸರಷ್ಟೇ ನಿನಗುಳಿದದ್ದು. ಬಾಗಿಲು ತೆಗೆ."

"ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತಂತೆ," ಎಂದರು ಖಲೀಫ. ಸಭೆ ನಕ್ಕಿತು. ಅವರು ನಗಲಿಲ್ಲ. "ಈ ಗೋಡೆಗೆ ಕಲ್ಲು ಹೊತ್ತವರಾರೆಂದು ಬಲ್ಲೆಯಾ? ನಾನು ಬಂದಾಗ ಇಲ್ಲಿದ್ದದ್ದು ಮುಳಿಹುಲ್ಲಿನ ಮಾಡು. ಮಳೆಗಾಲದಲ್ಲಿ ಮಕ್ಕಳ ತಲೆಯ ಮೇಲೆ ಸೋರುತ್ತಿತ್ತು."

ಬಗ್ದಾದಿನಲ್ಲಿ ಎಲ್ಲಿಯ ಮುಳಿಹುಲ್ಲು? ಮದ್ದಳೆಯವರು ತಲೆ ತಗ್ಗಿಸಿದರು. ಹೆಡ್‌ಮಾಸ್ಟರು ನನ್ನನ್ನೇ ನೋಡುತ್ತಿದ್ದರು.

"ಬಾಗಿಲು ತೆಗೆದು ನಾನು ಎಲ್ಲಿಗೆ ಹೋಗುದು ಮಾರಾಯ?"

ಮಂಗೋಲನ ಉತ್ತರ ನಾಲಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಕನಿಕರವಾಯಿತು, ಇಂಥ ಪ್ರಶ್ನೆಯನ್ನು ಎಲ್ಲರೆದುರು ನನ್ನ ತಲೆಗೆ ಕಟ್ಟಿದರಲ್ಲ ಎಂದು ಸಿಟ್ಟೂ ಬಂತು. ಭಾಗವತರು ಸ್ವಲ್ಪ ಕಾದು ನೋಡಿ ಮಂಗಳ ಹಾಡಿಬಿಟ್ಟರು.

"ಎಂತ ಮಾಸ್ಟ್ರೇ, ಯುದ್ಧವೇ ಆಗ್ಲಿಲ್ಲ?" ಎಂದು ಅಂಗಡಿಯ ಬ್ಯಾರಿಯೊಬ್ಬರು ಕೇಳಿದರು. ಅಷ್ಟರಲ್ಲಿ ಕಡಬದ ಬಸ್ಸು ಬಂದು ಸಭೆ ಚದುರಿತು. ಹೆಡ್‌ಮಾಸ್ಟರು ಆಫೀಸಿನ ಬೀಗದ ಕೈಗಳನ್ನು ಜೇಬಿಗೆ ಹಾಕಿಕೊಂಡೇ ಮನೆಗೆ ನಡೆದರು. ನಾನೂ ಕೇಳಲಿಲ್ಲ.

ಮರುದಿನ ಮೊದಲ ಪೀರಿಯಡ್ಡು ಒಂಬತ್ತನೆಗೆ. ಪಾಠ ಮುಗಿಸಲೇಬೇಕಿತ್ತು. ಮಂಗೋಲರು ಗೋಡೆ ಒಡೆದದ್ದು, ಖಲೀಫನನ್ನು ಕೊಂದದ್ದು, ಪುಸ್ತಕಗಳು ಹಾಳಾದದ್ದು, ಎಲ್ಲ ಹೇಳಿದೆ. ಹೊರಗೆ ಬಂದರೆ ಜಗಲಿಯಲ್ಲಿ ಹೆಡ್‌ಮಾಸ್ಟರು ನಿಂತಿದ್ದರು. ಪಾಠದ ನಡುವೆ ಒಳಗೆ ಬರುವ ಅಭ್ಯಾಸ ಅವರಿಗೆ ಎಂದೂ ಇರಲಿಲ್ಲ.

"ಬಗ್ದಾದ್ ಬಿತ್ತಾ?" ಎಂದು ಕೇಳಿದರು.

"ಬಿತ್ತು ಸರ್."

ಬೀಗದ ಕೈಗಳ ಗೊಂಚಲನ್ನು ನನ್ನ ಕೈಯಲ್ಲಿಟ್ಟು ಅವರು ಮೆಟ್ಟಿಲಿಳಿದರು.