ಕೂಗಿದರೆ ಓ ಎನ್ನುತ್ತಿದ್ದ ಯಮನಪ್ಪ

ಯಮನಪ್ಪನ ಬಾಯಲ್ಲಿ ತುತ್ತಿದ್ದಾಗ ಆಚೆ ದಂಡೆಯಿಂದ ಯಾರಾದರೂ ಕೂಗಿದರೆ, ಅದನ್ನು ಅಗಿದು ನುಂಗುವ ತನಕ ಅವನು ಕಾಯುತ್ತಿರಲಿಲ್ಲ. ತುತ್ತನ್ನು ಗಲ್ಲದ ಒಂದು ಮಗ್ಗುಲಿಗೆ ನೂಕಿ, ಕತ್ತೆತ್ತಿ, "ಓ..." ಎನ್ನುತ್ತಿದ್ದ. ಆ ಓ ಹೊಳೆ ದಾಟಿ ಕೂಗಿದವರ ಕಿವಿ ಮುಟ್ಟುವುದರೊಳಗೆ ಉಳಿದ ರೊಟ್ಟಿ ಅವನ ರುಮಾಲಿನ ಸುತ್ತಿಗೆ ಸೇರಿ, ಹುಟ್ಟು ಹೆಗಲೇರಿ, ಅವನು ಅರ್ಧ ದಂಡೆ ಇಳಿದಿರುತ್ತಿದ್ದ. ಹೆಂಡತಿ ನೀಲವ್ವ ಒಲೆಯ ಮುಂದೆ ಕುಳಿತು ಬೈಯುತ್ತಿದ್ದಳು: "ಈ ಗಂಡಸಿನ ಹಣ್ಯಾಗ ದೇವ್ರು ಬಿಸಿ ರೊಟ್ಟಿ ಬರದಿಲ್ಲ ನೋಡ್ರಿ ಬಾಯಾರ. ಲಗ್ನದ ದಿನಾನೂ ಅಕ್ಕಿಕಾಳು ಬೀಳೂದರಾಗ ಯಾರೋ ಕೂಗಿದ್ರು, ಎದ್ದು ಹೊಂಟಿದ್ದ!"

ಬಾಯಾರ ಎಂದರೆ ನಾನು. ಊರಿನ ನರ್ಸು. ಹುಟ್ಟಿ ಬೆಳೆದದ್ದು ಸಿಂದಗಿಯಲ್ಲಿ. ನಮ್ಮ ಕಡೆ ನೀರೆಂದರೆ ಬಾವಿಯಲ್ಲಿ ತೆಪ್ಪಗೆ ಇರುವಂಥದ್ದು. ಹಗ್ಗ ಬಿಟ್ಟರೆ ಮೇಲೆ ಬರುತ್ತದೆ, ಮನುಷ್ಯರನ್ನು ಎಳೆದುಕೊಂಡು ಓಡುವುದಿಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನನ್ನು ಮುದ್ದೇಬಿಹಾಳ ತಾಲೂಕಿನಲ್ಲಿ, ತಂಗಡಗಿಯ ಕಡೆ, ಕೃಷ್ಣೆಯ ದಂಡೆಯ ಒಂದು ಹಳ್ಳಿಗೆ ಹಾಕಿದರು. ನಾನು ನೋಡಬೇಕಾದ ಹಳ್ಳಿಗಳಲ್ಲಿ ಅರ್ಧ ಹೊಳೆಯ ಆಚೆ ಇದ್ದವು. ದೊಡ್ಡ ಬುಟ್ಟಿಗೆ ತೊಗಲು ಹೊದಿಸಿದ ಹಾಗಿದ್ದ ಹರಿಗೋಲನ್ನು ಮೊದಲ ದಿನ ನೋಡಿ, ಇದರಲ್ಲಿ ನಾನು ಕಾಲಿಡುವುದಿಲ್ಲ ಎಂದೆ.

"ಬಾಯಾರ, ಹೊಳಿ ಅಂಜಿದವರನ್ನ ಏನೂ ಮಾಡೂದಿಲ್ಲ. ಸೊಕ್ಕಿದವರನ್ನ ಅಷ್ಟ ಮುಳಗಸತೈತಿ" ಎಂದ ಯಮನಪ್ಪ. "ನೀವು ಚಲೋ ಅಂಜೀರಿ. ಕೂಡ್ರಿ."

ಅವತ್ತಿನಿಂದ ಅವನು ನನಗೆ ಕಾಕಾ ಆದ.

ಅಂಬಿಗರ ಮನೆಗಳಲ್ಲಿ ಒಂದು ಕಟ್ಟುಪಾಡಿತ್ತು. ದಂಡೆಯಲ್ಲಿ ನಿಂತು ಕೂಗಿದವರ ದನಿ ಕಿವಿಗೆ ಬಿದ್ದರೆ ಓ ಎನ್ನಬೇಕು. ಓ ಎಂದ ಮೇಲೆ ಹೋಗಿ ದಾಟಿಸಬೇಕು. ದಾಟಿಸಿದವರು ತಿರುಗಿ ಬಂದರೆ ಅವರ ದಂಡೆಗೆ ಮುಟ್ಟಿಸಬೇಕು. ಅದಕ್ಕೆ ಸುಗ್ಗಿಯಲ್ಲಿ ರೈತರು ಆಯದ ಜೋಳ ಕೊಡುತ್ತಿದ್ದರು. ಉಳಿದ ಅಂಬಿಗರು ಈ ಕಟ್ಟನ್ನು ತಕ್ಕಮಟ್ಟಿಗೆ ಪಾಲಿಸುತ್ತಿದ್ದರು. ಯಮನಪ್ಪನದು ಮಾತ್ರ ಮಿತಿಮೀರಿತ್ತು. ಒಮ್ಮೆ ಆಡು ಕದ್ದವನೊಬ್ಬ ಆಡನ್ನು ಹೆಗಲ ಮೇಲೆ ಹೊತ್ತೇ ಬಂದು ಕೂಗಿದ. ಯಮನಪ್ಪ ಆಡಿನ ಸಮೇತ ದಾಟಿಸಿದ. ಸ್ವಲ್ಪ ಹೊತ್ತಿಗೆ ಪೊಲೀಸರು ಬಂದು ಕೂಗಿದರು. ಅವರನ್ನೂ ದಾಟಿಸಿದ. ನಡುಹೊಳೆಯಲ್ಲಿ ಜಮಾದಾರ ಸಿಟ್ಟಿನಿಂದ, ಕಳ್ಳನನ್ನು ಯಾಕೆ ದಾಟಿಸಿದೆಯೋ ಮಗನೆ ಎಂದು ಬೆತ್ತ ಎತ್ತಿದರೆ, ಇವನು ಹುಟ್ಟು ಹಾಕುವುದನ್ನು ನಿಲ್ಲಿಸದೆ ಹೇಳಿದನಂತೆ: "ಮೊದಲ ಅಂವ ಕೂಗಿದ್ನಲ್ರಿ ಸಾಹೇಬ್ರ. ದಂಡಿ ಮ್ಯಾಲ ನಿಂತಾಂವ ಕಳ್ಳನೂ ಅಲ್ಲ, ಗೌಡನೂ ಅಲ್ಲ. ಆಚಿ ಹೋಗಾಂವ ಅಷ್ಟ." ಈ ಕತೆ ಹೇಳಿ ಊರು ನಗುತ್ತಿತ್ತು. ನಾನೂ ನಗುತ್ತಿದ್ದೆ. ಅದೇ ಗುಣ ಮುಂದೆ ಏನು ಮಾಡೀತೆಂದು ನಮಗೇನು ಗೊತ್ತಿತ್ತು?

ಊರಿನಿಂದ ತುಸು ಕೆಳಗೆ, ಹೊಳೆಯ ನಡುವೆ, ಒಂದು ಗಡ್ಡೆ ಇತ್ತು. ಸುತ್ತ ಎತ್ತ ನೋಡಿದರೂ ಜೋಳದ, ಹತ್ತಿಯ ಬಯಲು. ನೆರಳು ಬೇಕೆಂದರೆ ಬೇವಿನ ಗಿಡ ಹುಡುಕಿಕೊಂಡು ಹೋಗಬೇಕು. ಆ ಗಡ್ಡೆಯಲ್ಲಿ ಮಾತ್ರ ಕಾಡು. ಹುಣಸೆ, ಆಲ, ಹೊಂಗೆ, ಬುಡದಲ್ಲಿ ಲಕ್ಕಿಯ ಪೊದೆ, ಸಂಜೆಯಾದರೆ ಗಿಡದ ತುಂಬ ಕೊಕ್ಕರೆ. ನೀರುನಾಯಿಗಳು ಮರಿ ಕಟ್ಟಿಕೊಂಡು ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಿದ್ದವು. ಒಂದು ಹುಣಸೆಯ ಬುಡಕ್ಕೆ ಹೊಳೆದೇವಿ ಗಂಗವ್ವನ ಕಲ್ಲು. ಗಡ್ಡೆಗೆ ಕೊಡಲಿ ಒಯ್ಯುವಂತಿರಲಿಲ್ಲ. ಬುಟ್ಟಿ ಹೆಣೆಯಲು ಬೇಕಾದ ಲಕ್ಕಿಯ ಕಡ್ಡಿಗಳನ್ನು ಸಹ ಕೈಯಿಂದಲೇ ಮುರಿಯಬೇಕು. ಅಂಬಿಗರು ತಮ್ಮ ಸತ್ತವರನ್ನು ಹೂಳುತ್ತಿದ್ದದ್ದೂ ಅಲ್ಲೇ. ಒಮ್ಮೆ ಯಮನಪ್ಪ ನನ್ನನ್ನು ಕರೆದೊಯ್ದು, ಹೊಸ ಮನೆಯ ಜಾಗ ತೋರಿಸುವವನ ಉಮೇದಿನಿಂದ ತೋರಿಸಿದ: "ಇಲ್ಲಿ ನಮ್ಮಪ್ಪ ಅದಾನ್ರಿ. ಮಗ್ಗಲಕ ನಮ್ಮವ್ವ. ಇದು ನೀಲವ್ವಂದು, ಇದು ನಂದು. ನೆಳ್ಳು ಚಲೋ ಐತಿ."

ಕೆಳಗೆ ಎಲ್ಲೋ ಹೊಳೆಗೆ ಆಣೆಕಟ್ಟು ಬರುತ್ತದೆ, ನೀರು ಹಿಂದಕ್ಕೆ ನಿಂತು ಗಡ್ಡೆ ಮುಳುಗುತ್ತದೆ ಎಂಬ ಸುದ್ದಿ ಬಂದದ್ದು ಅದರ ಮರು ವರ್ಷ. ಹೇಗೂ ಮುಳುಗುವ ಗಿಡಗಳು ಯಾಕೆ ಹಾಳಾಗಬೇಕು, ಮೊದಲೇ ಕಡಿದು ಲಿಲಾವಿನಲ್ಲಿ ಮಾರೋಣ ಎಂದು ಯಾರದೋ ತಲೆಗೆ ಹೊಳೆಯಿತು. ಕಡಿಯುವ ಮುಂಚೆ ಗಿಡಗಳನ್ನು ಎಣಿಸಿ ಗುರುತು ಹಾಕಬೇಕಿತ್ತು. ಅದಕ್ಕೆಂದು ಒಬ್ಬ ಸಾಹೇಬ ಆಚೆ ದಂಡೆಯಲ್ಲಿ ಡೇರೆ ಹೊಡೆದ.

ಅಂಬಿಗರ ಹಿರಿಯ ಹಣಮಂತಪ್ಪ ಎಲ್ಲರನ್ನೂ ಕೂಡಿಸಿದ. "ಗಡ್ಡಿಗೆ ಒಯ್ಯಾವ್ರು ಯಾರು? ನಾವ. ನಾವು ಹರಿಗೋಲ ಬೋರಲ ಹಾಕಿದ್ರ ಸಾಹೇಬ ಏನು ಹಾರಿ ಹೋಗ್ತಾನೇನು?" ಎಂದ. ಮಾತು ಸರಿಯಾಗಿಯೇ ಇತ್ತು. ಆ ಬಂಡೆಗಳ ನಡುವಿನ ಸೆಳವು ಇವರಿಗಲ್ಲದೆ ಬೇರೆಯವರಿಗೆ ಗೊತ್ತಿರಲಿಲ್ಲ. ಗಂಗವ್ವನ ಹೆಸರಿನಲ್ಲಿ ಎಲ್ಲರೂ ಭಂಡಾರದ ಅರಿಸಿನ ಹಿಡಿದು ಆಣೆ ಮಾಡಿದರು: ಬಸುರಿ, ಬಾಣಂತಿ, ರೋಗಿಗಳನ್ನು, ನಮ್ಮ ಸುತ್ತಿನ ರೈತರನ್ನು ದಾಟಿಸುವುದು, ಸಾಹೇಬನ ಕಡೆಯವರು ಕೂಗಿದರೆ ಓಗೊಡುವುದಿಲ್ಲ. ಯಮನಪ್ಪನೂ ಭಂಡಾರ ಹಿಡಿದ.

ಮರುದಿನ ಆಚೆಯಿಂದ "ಏ ಅಂಬಿಗೋ!" ಎಂಬ ಕೂಗು ಬಂತು. ಯಮನಪ್ಪ ಎದ್ದು ನಿಂತ. ನೀಲವ್ವ ಅವನ ಧೋತರದ ಚುಂಗು ಹಿಡಿದು ಕೂರಿಸಿದಳು. ಕೂಗು ನಿಲ್ಲುವ ತನಕ ಅವನು ಚಳಿಜ್ವರ ಬಂದವರಂತೆ ಕುಳಿತಿದ್ದ. ಅದರ ಮಾರನೆಯ ದಿನ ನೋಡಿದರೆ ಎರಡೂ ಕಿವಿಯಲ್ಲಿ ಹತ್ತಿ! ಹೊಲದಿಂದ ಬಿಡಿಸಿ ತಂದದ್ದು, ಎಳೆ ಹೊರಗೆ ಇಳಿಬಿದ್ದಿತ್ತು.

"ಕೇಳಿದ ಮ್ಯಾಲ ಓ ಅನ್ನಲಾರದ ಇರಾಕ ನನ್ನಿಂದ ಆಗೂದಿಲ್ರಿ" ಎಂದ. "ಕೇಳಲಿಲ್ಲ ಅಂದ್ರ ಪಾಪ ಇಲ್ಲ."

"ಕಾಕಾ, ದೇವರ ಮುಂದನೂ ವಕೀಲಿ ನಡಸಿರೇನು?" ಎಂದು ನಾನು ನಕ್ಕರೆ ಅವನಿಗೆ ಅದೂ ಕೇಳಿಸಲಿಲ್ಲ.

ಈಚೆ ದಂಡೆಯಲ್ಲಿದ್ದಾಗ ನಾನು ಹೋಗಿ ಅವನ ಭುಜ ತಟ್ಟುತ್ತಿದ್ದೆ. ಆಚೆಯಿಂದ ಬರುವಾಗ ಕೂಗಿ ಪ್ರಯೋಜನವಿಲ್ಲವಲ್ಲ, ಅದಕ್ಕೆ ನನ್ನ ಕರಿ ಛತ್ರಿಯನ್ನು ಬಿಚ್ಚಿ ಎತ್ತಿ ಹಿಡಿಯಬೇಕೆಂದು ಅವನೇ ಹೇಳಿದ. ಛತ್ರಿ ಕಂಡದ್ದೇ ತಡ ಹರಿಗೋಲು ಹೊರಡುತ್ತಿತ್ತು. ಬಿಸಿಲಿರಲಿ, ಮೋಡವಿರಲಿ, ಛತ್ರಿ ಮರೆತವಳಲ್ಲ ನಾನು.

ಹೀಗೆ ಮಳೆಗಾಲ ಕಳೆಯುತ್ತ ಬಂತು. ಸಾಹೇಬನ ಜನ ಕೂಗಿ ಕೂಗಿ ಗಂಟಲು ಹರಿದುಕೊಂಡರು. ಗೆಲ್ಲುತ್ತೇವೆ ಎಂದು ನಾನು ನಂಬಿದ್ದೆ. ಈಗ ಅದನ್ನು ನೆನೆದರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಮಳೆಗಾಲದ ಕೊನೆಗೆ, ಹೊಳೆ ಇನ್ನೂ ಕೆಂಪಗೆ ಹರಿಯುತ್ತಿದ್ದಾಗ, ಅವರು ಲಾರಿಯಲ್ಲಿ ಒಂದು ತಗಡಿನ ದೋಣಿ ತಂದರು. ಮಧ್ಯಾಹ್ನ ಸಾಹೇಬ ತನ್ನ ಇಬ್ಬರು ಆಳುಗಳೊಂದಿಗೆ ಅದರಲ್ಲಿ ಹೊರಟ. ಈಚೆ ದಂಡೆಯಲ್ಲಿ ಹಣಮಂತಪ್ಪ ಮತ್ತು ಐದಾರು ಜನ ಬೋರಲು ಹಾಕಿದ ಹರಿಗೋಲುಗಳಿಗೆ ಒರಗಿ ಕುಳಿತು ನೋಡುತ್ತಿದ್ದರು. ಯಮನಪ್ಪ ಹೊಳೆಗೆ ಬೆನ್ನು ಹಾಕಿ ಉಣ್ಣುತ್ತಿದ್ದ. ಅವನ ಊಟ ಮುಗಿಯಲೆಂದು ನಾನು ಚೀಲ ಹಿಡಿದು ಕಾಯುತ್ತಿದ್ದೆ. ದೋಣಿ ಸೆಳವಿಗೆ ಸಿಕ್ಕಿತು, ಅಡ್ಡ ತಿರುಗಿತು, ಬಂಡೆಗೆ ಬಡಿದು ಮಗುಚಿತು. ಮೂವರೂ ಒಂದು ಬಂಡೆಯನ್ನು ತಬ್ಬಿಕೊಂಡು ಚೀರಿದರು: "ಅಂಬಿಗೋ! ಅಂಬಿಗೋ!"

ಯಾರೂ ಏಳಲಿಲ್ಲ. ಹಣಮಂತಪ್ಪನ ಮುಖ ಬೂದಿಯಾಗಿತ್ತು, ಆದರೂ ಅವನು ಏಳಲಿಲ್ಲ. ಆಣೆ ಅಂಥದ್ದು. "ಯಾರರೆ ಹೋಗ್ರೋ!" ಎಂದು ನಾನು ಕಿರುಚಿದೆ. ಆಗ ನನ್ನ ಪಕ್ಕದಲ್ಲಿ ಯಮನಪ್ಪ ಅಗಿಯುವುದನ್ನು ನಿಲ್ಲಿಸಿದ. ಕಿವಿಯಲ್ಲಿ ಹತ್ತಿ ಹಾಗೆಯೇ ಇತ್ತು. ತುತ್ತನ್ನು ಗಲ್ಲದ ಮಗ್ಗುಲಿಗೆ ನೂಕಿದ.

"ಓ..."

ಆ ನೀರಿನಲ್ಲಿ ಮೂವರನ್ನೂ ಹರಿಗೋಲಿಗೆ ಎಳೆದುಕೊಂಡ. ನಾಲ್ಕು ಜನರ ಭಾರ ಹೊತ್ತು ಸೆಳವಿಗೆ ಎದುರಾಗಿ ಊರ ದಂಡೆಗೆ ಬರುವುದು ಸಾಧ್ಯವೇ ಇರಲಿಲ್ಲ. ಹೊಳೆ ಎತ್ತ ಒಯ್ಯಿತೋ ಅತ್ತ ಹೋಗಬೇಕಾಯಿತು. ಹೊಳೆ ಗಡ್ಡೆಗೆ ಒಯ್ಯಿತು. ಅವರನ್ನು ಅಲ್ಲಿ ಇಳಿಸಿ, ಬೆಂಕಿ ಮಾಡಿಕೊಟ್ಟು, ಖಾಲಿ ಹರಿಗೋಲಿನಲ್ಲಿ ಸುತ್ತಿ ಬಳಸಿ ತಾನೊಬ್ಬನೇ ಮರಳಿದ, ನೀರು ಇಳಿದ ಮೇಲೆ ನಾಳೆ ಕರೆತರುತ್ತೇನೆಂದು.

ಮರುದಿನ ಹಣಮಂತಪ್ಪ ಅವನ ಹುಟ್ಟು ಹಿಡಿದುಕೊಂಡ. "ಇರಲಿ ಬಿಡು ಅಲ್ಲೇ. ರೊಟ್ಟಿ ಕಳಿಸೂಣು. ದೊಡ್ಡ ಸಾಹೇಬ ಬಂದು ಗಿಡಾ ಕಡಿಯೂದಿಲ್ಲ ಅಂತ ಮಾತು ಕೊಟ್ಟ ಮ್ಯಾಲ ಕರಕೊಂಡ ಬರೂಣು."

"ಒಯ್ದಾಂವ ನಾನು. ತಿರುಗಿ ಮುಟ್ಟಸಾಂವನೂ ನಾನ" ಎಂದ ಯಮನಪ್ಪ. "ಇಲ್ಲಂದ್ರ ಹೊಳ್ಯಾಗ ಕೈ ಹೆಂಗ ಇಡ್ಲಿ ನಾನು?"

ಹಣಮಂತಪ್ಪ ಹುಟ್ಟು ಬಿಟ್ಟ. ಅವನ ಕಣ್ಣಲ್ಲಿ ನೀರು ಬಂದಿತ್ತು.

ಗಡ್ಡೆಯಲ್ಲಿ ಯಮನಪ್ಪ ಕಂಡದ್ದನ್ನು ಅವನೇ ನನಗೆ ಹೇಳಿದ. ಮೈ ಒಣಗಿದ ಮೇಲೆ ಸಾಹೇಬನ ಜನ ಸುಮ್ಮನೆ ಕೂತಿರಲಿಲ್ಲ. ಸೊಂಟದಲ್ಲಿ ಉಳಿದಿದ್ದ ಕುಡುಗೋಲಿನಿಂದ ಒಂದೊಂದು ಗಿಡದ ತೊಗಟೆ ಕೆತ್ತಿ ಗುರುತು ಹಾಕಿ ಮುಗಿಸಿದ್ದರು. ಗಂಗವ್ವನ ಹುಣಸೆಗೂ ಕೆತ್ತಿದ್ದರು. ಯಮನಪ್ಪ ಸಾಹೇಬನ ಕಾಲಿಗೆ ಬಿದ್ದು ಕೇಳಿಕೊಂಡ. ಸಾಹೇಬ ಕೆಟ್ಟವನೇನಲ್ಲ, ಅವನನ್ನು ಹಿಡಿದೆತ್ತಿ, "ಯಮನಪ್ಪ, ನನ್ನ ಜೀವಾ ಉಳಿಸಿದಿ. ಆದ್ರ ಗಿಡಾ ನನ್ನ ಕೈಯಾಗಿಲ್ಲೋ" ಎಂದನಂತೆ. ಅವನು ಕೆಟ್ಟವನಾಗಿದ್ದರೆ ಎಷ್ಟೋ ವಾಸಿಯಿತ್ತು, ಬೈದಾದರೂ ಹಗುರಾಗಬಹುದಿತ್ತು.

"ಕೂಗು ನಿಮಗ ಹೆಂಗ ಕೇಳಸ್ತು ಕಾಕಾ?" ಎಂದೆ.

"ಕಿವ್ಯಾಗ ಬಿದ್ದಿಲ್ರಿ. ಅಂಗಾಲಿಗೆ ಬಡೀತು."

ಮುಂದಿನದೆಲ್ಲ ಬೇಗ ಮುಗಿಯಿತು. ಯಮನಪ್ಪನೇ ದಾಟಿಸಿದ ಮೇಲೆ ನಮ್ಮದೇನು ಎಂದು ಹರಿಗೋಲುಗಳು ಒಂದೊಂದಾಗಿ ಅಂಗಾತವಾದವು. ಚಳಿಗಾಲಕ್ಕೆ ಗುತ್ತಿಗೆದಾರನ ಆಳುಗಳು ಕೊಡಲಿ ಹೊತ್ತು ಅದೇ ಹರಿಗೋಲುಗಳಲ್ಲಿ ಗಡ್ಡೆಗೆ ಹೋದರು. ಹೊಳೆಯ ಮೇಲೆ ಕೊಡಲಿಯ ಸಪ್ಪಳ ಬಹಳ ದೂರ ಬರುತ್ತದೆ. ಕೊಕ್ಕರೆಗಳು ಸಂಜೆ ಬಂದು ಸುತ್ತಿ ಸುತ್ತಿ, ಕೂರಲು ಗಿಡ ಸಿಗದೆ ಹೋದವು. ಯಮನಪ್ಪ ಗೋಡೆಗೆ ಮುಖ ಮಾಡಿ ಕುಳಿತಿರುತ್ತಿದ್ದ. ಆಣೆ ಮುರಿದವನೆಂದು ಸುಗ್ಗಿಯಲ್ಲಿ ಅವನಿಗೆ ಆಯ ಕೊಡಲಿಲ್ಲ. ಅವನು ಕೇಳಲೂ ಇಲ್ಲ. ಗಂಡ ಹೆಂಡತಿ ಬಸವನ ಬಾಗೇವಾಡಿಯಲ್ಲಿದ್ದ ಮಗಳ ಮನೆಗೆ ಹೊರಟುಹೋದರು. ಆಣೆಕಟ್ಟಿನ ನೀರು ಬರಲು ಮುಂದೆ ಎಷ್ಟೋ ವರ್ಷ ಹಿಡಿಯಿತು. ಅಷ್ಟೂ ವರ್ಷ ಆ ಗಡ್ಡೆ ಬಿಸಿಲಿನಲ್ಲಿ ಬೋಳಾಗಿ ಬಿದ್ದಿತ್ತು. ಅಷ್ಟು ಅವಸರ ಯಾರಿಗಿತ್ತೋ ಇವತ್ತಿಗೂ ನನಗೆ ತಿಳಿದಿಲ್ಲ.

ನನಗೆ ಇಂಡಿಗೆ ವರ್ಗವಾಯಿತು. ದಶಕ ಮುಗಿಯುತ್ತ ಬಂದಾಗ ಒಮ್ಮೆ ಪ್ರಯಾಣದ ನಡುವೆ ಬಾಗೇವಾಡಿಯ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತು. ಕಟ್ಟೆಯ ಮೇಲೆ ಯಮನಪ್ಪ ಕುಳಿತಿದ್ದ. ಕಿವಿಯಲ್ಲಿ ಹತ್ತಿ. ಇಳಿದು ಹೋಗಿ ಭುಜ ತಟ್ಟಿದೆ. ಗುರುತು ಹಿಡಿದು ಹತ್ತಿ ತೆಗೆದ.

"ಇಲ್ಲಿ ಕೂಗಾವ್ರು ಭಾಳ್ರಿ ಬಾಯಾರ. ಕಂಡಕ್ಟರ್ ಕೂಗ್ತಾನ, ಕಾಯಿಪಲ್ಲೆಯಾಕಿ ಕೂಗ್ತಾಳ. ನನ್ನ ಅಲ್ಲಂತ ಗೊತ್ತೈತಿ. ಕಾಲು ಕೇಳೂದಿಲ್ಲ, ಎದ್ದ ನಿಲ್ಲತಾವ."

ನೀಲವ್ವನನ್ನು ವಿಚಾರಿಸಿದೆ.

"ಹ್ವಾದ ವರ್ಷ ಹ್ವಾದಳು. ಇಲ್ಲೇ ಮಣ್ಣ ಕೊಟ್ಟೆ, ಎರಿ ಹೊಲದ ದಂಡಿಗೆ. ನೆಳ್ಳಿಲ್ರಿ."

ಅವನ ಕೈ ಹಿಡಿದು ಕುಳಿತೆ; ಹುಟ್ಟು ಹಿಡಿದು ಕಟ್ಟಿದ ದಡ್ಡು ಅಂಗೈಯಲ್ಲಿ ಇನ್ನೂ ಇತ್ತು. ಕಂಡಕ್ಟರ್ ಸೀಟಿ ಊದಿ, "ಬರ್ರಿ, ಬರ್ರಿ!" ಎಂದು ಕೂಗಿದ. ಯಮನಪ್ಪ ಎದ್ದು ನಿಂತ. ನಾಚಿಕೊಂಡು ಮತ್ತೆ ಕುಳಿತು, ಹತ್ತಿಯನ್ನು ಕಿವಿಗೆ ಒತ್ತಿಕೊಂಡ.

ಬಸ್ಸು ಹೊರಟ ಮೇಲೆ, ಅವನಿಗೆ ಹೇಳಬೇಕಾದ ಮಾತು ನೆನಪಾಯಿತು. ನೀವು ಮಾಡಿದ್ದು ತಪ್ಪಲ್ಲ ಎಂದು ಊರಿನಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಗಂಟಲು ಬಿರಿಯುವ ಹಾಗೆ, "ಯಮನಪ್ಪ ಕಾಕಾ!" ಎಂದು ಕೂಗಿದೆ. ಮತ್ತೊಮ್ಮೆ ಕೂಗಿದೆ. ಅವನು ಬಸ್ಸಿನ ಕಡೆಗೇ ನೋಡುತ್ತ ಸುಮ್ಮನೆ ಕುಳಿತಿದ್ದ. ಅವತ್ತು ನಾನು ಛತ್ರಿ ತಂದಿರಲಿಲ್ಲ.