ಹೊಗೆ ಮೂಸುವ ಮಿಸ್ತ್ರಿ

ಮೂಗಿನ ತುದಿಯಲ್ಲಿ ಸದಾ ಒಂದು ಮಸಿಯ ಬೊಟ್ಟು. ಬೆಳಗ್ಗೆ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು ಬಂದರೂ ಹತ್ತು ಗಂಟೆಯೊಳಗೆ ಆ ಬೊಟ್ಟು ತನ್ನ ಜಾಗಕ್ಕೆ ಬಂದು ಕೂತಿರುತ್ತಿತ್ತು. ಸಿಂಧನೂರಿನ ಮಸ್ಕಿ ರಸ್ತೆಯ ಗ್ಯಾರೇಜಿನ ನಮ್ಮ ಮಿಸ್ತ್ರಿ ಬಾನೆಟ್ ಎತ್ತುವ ಮೊದಲು ಗಾಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಸೈಲೆನ್ಸರಿನ ಬಾಯಿಗೆ ಮೂಗು ಒಡ್ಡಿ, ಕಣ್ಣು ಮುಚ್ಚಿ ಹೊಗೆ ಮೂಸುತ್ತಿದ್ದರು. ಒಳ್ಳೆಯ ಅಭ್ಯಾಸವೇನಲ್ಲ. ಹೇಳಿದರೆ ಕೇಳುವ ಆಸಾಮಿಯೂ ಅವರಲ್ಲ.

ಆದರೆ ಆ ಮೂಗು ಸುಳ್ಳು ಹೇಳುತ್ತಿರಲಿಲ್ಲ. ಒಮ್ಮೆ ಮುಕ್ಕುಂದದ ರೈತರೊಬ್ಬರ ಕಾರಿನ ಹೊಗೆ ಮೂಸಿ, ಗಾಳಿಯ ಫಿಲ್ಟರಿನಲ್ಲಿ ಭತ್ತದ ಹೊಟ್ಟು ತುಂಬಿದೆ ಎಂದರು. ಬಿಚ್ಚಿದರೆ ಕೋಳಿಗೂಡಿಗೆ ಹಾಸುವಷ್ಟಿತ್ತು. ಆಮೇಲೆ ಬಳಗಾನೂರು, ಸಾಲಗುಂದದಿಂದೆಲ್ಲ ಜನ ಗಾಡಿ ತಂದು, ಮೊದಲು ವಾಸನೆ ನೋಡಿರೆಂದು ಕೈಕಟ್ಟಿ ನಿಲ್ಲತೊಡಗಿದರು.

ನಾನು ಮಸ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ದಿನಾ ಓಡಾಡಲು ಒಂದು ಸೆಕೆಂಡ್‌ಹ್ಯಾಂಡ್ ಕಾರು. ಒಂದು ದಿನ ಅದರ ಮೀಟರಿನಲ್ಲಿ ಹಳದಿ ದೀಪ ಹತ್ತಿತು. ಗ್ಯಾರೇಜಿಗೆ ಒಯ್ದು, ಪೈಪಿನಲ್ಲಿ ಹೊಗೆ ಅಳೆಯುವ ಸೆನ್ಸರ್ ಕೆಟ್ಟಿರಬಹುದು ಎಂದೆ. ಮಿಸ್ತ್ರಿಗೆ ಉರಿದುಹೋಯಿತು. ತಮ್ಮ ಮೂಗು ಗಟ್ಟಿಯಿರುವಾಗ ಪೈಪಿನೊಳಗೆ ಇನ್ನೊಂದು ಮೂಗು ಯಾಕೆ ಎಂಬುದು ಅವರ ವಾದ. ಮನೆಯಿಂದ ಹೆಂಡತಿಯ ಹಣೆಯ ಟಿಕಳಿ ತಂದು ದೀಪದ ಮೇಲೆ ಅಂಟಿಸಿಯೇಬಿಟ್ಟರು. ಹಣೆಗೆ ಟಿಕಳಿ ಇಟ್ಟುಕೊಂಡ ಆ ಕಾರಿನಲ್ಲಿ ನಾನು ದಿನಾ ಶಾಲೆಗೆ ಹೋದೆ, ಲಿಂಗಸುಗೂರಿನ ಮದುವೆಗೂ ಹೋಗಿಬಂದೆ. ಕಾರು ಮಾತ್ರ ಪೆಟ್ರೋಲನ್ನು ನೀರಿನಂತೆ ಕುಡಿಯುತ್ತಿತ್ತು.

ತಾಳಲಾರದೆ ಮತ್ತೆ ಗ್ಯಾರೇಜಿಗೆ ಹೋದೆ. ಆ ನಡುವೆ ಮಿಸ್ತ್ರಿಗೆ ಕೆಟ್ಟ ಜ್ವರ, ನೆಗಡಿ ಬಂದು ಹೋಗಿತ್ತು. ಎಂದಿನಂತೆ ಕೂತು, ಬಹಳ ಹೊತ್ತು ಮೂಸಿ, ಹೊಗೆ ಭೇಷಾಗಿದೆ ಎಂದರು. ಎರಡು ಮಾರು ದೂರ ನಿಂತ ನನಗೇ ಹಸಿ ಪೆಟ್ರೋಲಿನ ವಾಸನೆ ಬಡಿಯುತ್ತಿತ್ತು. ಹಾಗೆಂದೆ. ಅವರ ಮುಖ ಇಳಿದುಹೋಯಿತು. ಹಳೆಯ ಟೈರುಗಳ ಮರೆಗೆ ನನ್ನನ್ನು ಕರೆದೊಯ್ದರು.

“ಮೂಗು ಸತ್ತೈತ್ರಿ ಸರ್. ಜ್ವರ ಬಂದಾಗಿಂದ ಏನೂ ತಿಳಿವಲ್ದು. ಮನ್ಯಾಗೂ ಹೇಳಿಲ್ಲ. ಮಂದಿಗೆ ಗೊತ್ತಾತಂದ್ರ ನನ್ನ ಹಂತ್ಯಾಕ ಯಾರು ಬರ್ತಾರ್ರೀ?”

ಭಾನುವಾರ ವಿಜ್ಞಾನದ ಪುಸ್ತಕ ಹಿಡಿದುಕೊಂಡು ಗ್ಯಾರೇಜಿಗೆ ಹೋದೆ. ಮಿಸ್ತ್ರಿ ಪೈಪಿನಿಂದ ಸೆನ್ಸರ್ ಬಿಚ್ಚಿ ಅಂಗೈ ಮೇಲಿಟ್ಟುಕೊಂಡರು. ಹೆಬ್ಬೆರಳಿನ ಗಾತ್ರ, ಮೈಯೆಲ್ಲ ಮಸಿ. ಇದರ ಒಂದು ಬದಿಗೆ ಹೊರಗಿನ ಗಾಳಿ, ಇನ್ನೊಂದು ಬದಿಗೆ ಹೊಗೆ ತಾಗುತ್ತದೆ, ಎರಡರ ಆಮ್ಲಜನಕದ ವ್ಯತ್ಯಾಸದಿಂದ ಚೂರು ವಿದ್ಯುತ್ ಹುಟ್ಟುತ್ತದೆ ಎಂದೆ. ಹೊಗೆಯಲ್ಲಿ ಆಮ್ಲಜನಕ ಉಳಿಯದಿದ್ದರೆ ವಿದ್ಯುತ್ ಹೆಚ್ಚು. ಆಗ ಪೆಟ್ರೋಲ್ ಜಾಸ್ತಿಯಾಯಿತೆಂದು ತಿಳಿದು ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲನ್ನು ಇಳಿಸುತ್ತದೆ. ಚೆನ್ನಾಗಿ ಕಾಯುವವರೆಗೆ ಸೆನ್ಸರಿಗೆ ಏನೂ ತಿಳಿಯುವುದಿಲ್ಲ ಎಂದಾಗ ಮಿಸ್ತ್ರಿಗೆ ಅದರ ಮೇಲೆ ಸ್ವಲ್ಪ ಪ್ರೀತಿ ಬಂತು. ಬಿಸಿ ಚಹಾ ಕುಡಿಯುವ ತನಕ ತಮಗೂ ಹಾಗೇ ಅಂತೆ.

ಇದು ಸತ್ತರೆ ಏನಾಗುತ್ತದೆ ಎಂದು ಕೇಳಿದರು. ಕಂಪ್ಯೂಟರ್ ಅಂದಾಜಿನ ಮೇಲೆ ಪೆಟ್ರೋಲ್ ಸುರಿಯುತ್ತದೆ ಎಂದೆ.

“ಹಂಗಾರ ಇಷ್ಟು ದಿನ ನಾನೂ ಅದನ್ನ ಮಾಡಾಕತ್ತೀನಿ,” ಎಂದು ಎದ್ದು ಹೋಗಿ ಟಿಕಳಿ ಕಿತ್ತರು. ಎಷ್ಟೋ ವರ್ಷ ಮಕ್ಕಳಿಗೆ ಆಮ್ಲಜನಕದ ಪಾಠ ಮಾಡಿದವನು ನಾನು. ನನಗೆ ಅದು ಸರಿಯಾಗಿ ತಿಳಿದದ್ದು ಅವತ್ತು, ಅವರ ಅಂಗೈ ನೋಡುತ್ತ.

ಹೊಸ ಸೆನ್ಸರ್ ಹಾಕಿದರು. ಕಾರಿನ ಕಂಪ್ಯೂಟರಿಗೆ ಚುಚ್ಚಿದರೆ ದೋಷ ತೋರಿಸುವ ಸ್ಕ್ಯಾನರ್ ತಂದು ಅದನ್ನು ಓದಲು ಕಲಿತರು. ಆದರೆ ಗಿರಾಕಿಗಳ ಮುಂದೆ ಮೂಸುವುದನ್ನು ಬಿಡಲಿಲ್ಲ. ಹಾರ್ನಿನ ವೈರ್ ನೋಡುತ್ತೇನೆಂದು ಸ್ಟೇರಿಂಗಿನ ಕೆಳಗೆ ಬಗ್ಗಿ, ಕದ್ದು ಸ್ಕ್ಯಾನರ್ ಚುಚ್ಚಿ ನೋಡಿಕೊಂಡು, ಆಮೇಲೆ ಹಿಂದೆ ಹೋಗಿ ಕಣ್ಣು ಮುಚ್ಚುತ್ತಿದ್ದರು. ನಾನು ಅಲ್ಲಿದ್ದರೆ ಒಂದು ಕಣ್ಣು ತೆರೆದು ನನ್ನತ್ತ ನೋಡುತ್ತಿದ್ದರು. ಮೂಗಿನ ಹೆಸರು ಮೊದಲಿಗಿಂತ ಹೆಚ್ಚಾಯಿತು.

ಹೋದ ವರ್ಷ ಮಿಸ್ತ್ರಿ ತೀರಿಕೊಂಡರು. ಅಂಥ ಮೂಗು ಮತ್ತೆ ಹುಟ್ಟುವುದಿಲ್ಲ ಎಂದು ಅಂಗಳದಲ್ಲಿ ಜನ ಮಾತಾಡಿಕೊಳ್ಳುತ್ತಿದ್ದರು. ಗುಟ್ಟು ಬಲ್ಲವನು ನಾನೊಬ್ಬನೇ ಎಂದು ತಲೆ ತಗ್ಗಿಸಿ ಕೂತಿದ್ದೆ. ಅವರ ಹೆಂಡತಿ ಹತ್ತಿರ ಬಂದು ಮೆಲ್ಲಗೆ ಹೇಳಿದರು.

“ಅವರ ಮೂಗಿಂದು ನನಗ ಮೊದಲ ಗೊತ್ತಿತ್ರಿ ಸರ್. ಬ್ಯಾಳಿ ಹೊತ್ತಿ ಮನಿ ತುಂಬ ವಾಸನಿ ಎದ್ದಾಗ, ಘಮ್ ಅಂತೈತಿ ಅಂದ್ರು. ಅವತ್ತಿಂದ ದಿನಾ ನನ್ನ ಅಡಿಗಿ ಹೊಗಳತಿದ್ರು. ಅದಕ್ಕ ಮೊದಲ ಒಂದಿನಾನೂ ಹೊಗಳಿದ್ದಿಲ್ಲ. ಅದಕ್ಕ ನಾನೂ ಬಾಯಿ ಬಿಡಲಿಲ್ರಿ.”