ಕಿಟಕಿಯ ಹೊರಗೆ ನಿಂತು ಕಲಿಸಿದ ಬೀರವ್ವ

ಕೆಲಗೇರಿಯ ಬೀರವ್ವನ ಕೆಲಸ ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ಎರೆಯುವುದು. ಮೂವತ್ತೈದು ವರ್ಷ ಅದನ್ನೇ ಮಾಡಿದ್ದಳು. ಚಾಚಿದ ಕಾಲ ಮೇಲೆ ಮಲಗಿಸಿಕೊಂಡ ಕೂಸು ಜೋರಾಗಿ ಅತ್ತಷ್ಟೂ ಆಕೆಗೆ ಖುಷಿ. "ಅಳಲಿ ಬಿಡ್ರಿ, ದನಿ ಛಲೋ ಐತಿ" ಎನ್ನುತ್ತಿದ್ದಳು.

ಕೊರೊನಾದ ಎರಡನೆಯ ಅಲೆ ಬಂದಾಗ ಯಾವ ಮನೆಯವರೂ ಆಕೆಯನ್ನು ಒಳಗೆ ಕರೆಯಲಿಲ್ಲ. ಬೀರವ್ವ ಬೇಸರ ಮಾಡಿಕೊಳ್ಳಲಿಲ್ಲ, ಆದರೆ ಸುಮ್ಮನೆ ಕೂತು ಅಭ್ಯಾಸವಿರಲಿಲ್ಲ. ಮನೆಯಲ್ಲಿದ್ದ ಹಳೆಯ ಸೀರೆಗಳನ್ನೆಲ್ಲ ಹರಿದು ಕೌದಿ ಹೊಲಿಯುತ್ತಿದ್ದಳು.

ಅದೇ ಓಣಿಯ ಮುರಿಗೆವ್ವನ ಸೊಸೆ ಸೌಮ್ಯಾ, ಲಾಕ್‌ಡೌನಿನಿಂದ ತವರಿಗೆ ಹೋಗಲಾಗದೆ ಇಲ್ಲೇ ಹೆತ್ತಿದ್ದಳು. ಆಸ್ಪತ್ರೆಯಿಂದ ಬಂದ ಮರುದಿನವೇ ಜ್ವರ. ಪರೀಕ್ಷೆ ಮಾಡಿದರೆ ಪಾಸಿಟಿವ್. ಮುರಿಗೆವ್ವ ಕೂಸನ್ನು ಎತ್ತಿಕೊಂಡು ನಡುಮನೆ ಸೇರಿ ಡಬ್ಬಿಯ ಹಾಲನ್ನು ಚಮಚದಲ್ಲಿ ಕುಡಿಸತೊಡಗಿದಳು. ಸೌಮ್ಯಾ ಪಕ್ಕದ ಕೋಣೆಯಲ್ಲಿ ಒಬ್ಬಳೇ ಇದ್ದು, ಮಗನ ಅಳು ಕೇಳಿದಾಗಲೆಲ್ಲ ತಾನೂ ಅಳುತ್ತಿದ್ದಳು.

ಎರಡು ದಿನ ಹೀಗೇ ಕಳೆಯಿತು. ಆರೋಗ್ಯ ಕೇಂದ್ರದ ನರ್ಸ್ ಫೋನಿನಲ್ಲಿ, ಕೈ ತೊಳೆದು ಮಾಸ್ಕ್ ಹಾಕಿಕೊಂಡು ತಾಯಿಯೇ ಹಾಲು ಕುಡಿಸಬಹುದು ಎಂದಳು. ಮುರಿಗೆವ್ವನಿಗೆ ನಂಬಿಕೆ ಬರಲಿಲ್ಲ. ಬೀರವ್ವನಾದರೂ ತನ್ನ ಪರವಾಗಿ ಮಾತಾಡುತ್ತಾಳೆಂದು ನಂಬಿ ಅವಳನ್ನು ಕರೆಸಿ ಅಂಗಳದಲ್ಲೇ ನಿಲ್ಲಿಸಿದಳು.

"ನೀನರ ಹೇಳವಾ ಆ ನರ್ಸಬಾಯಿಗೆ. ರೋಗ ಬಂದಾಕಿ ಹಾಲು ಕೂಸಿಗೆ ಕುಡಸ್ತಾರೇನು?"

"ಆಕಿ ಕೂಡ ನಾನೂ ಒಂದಿಷ್ಟು ಮಾತಾಡ್ತೇನಿ, ಫೋನ್ ಹಚ್ಚಿ ಕೊಡ್ರಿ" ಎಂದಳು ಬೀರವ್ವ.

ಒಂದೇ ಪ್ರಶ್ನೆಯನ್ನು ಮೂರು ರೀತಿ ಕೇಳಿದಳು. ಹಾಲಿನಿಂದ ರೋಗ ಬರುತ್ತದೋ, ಉಸಿರಿನಿಂದಲೋ? ಉಸಿರಿನಿಂದ, ಅದಕ್ಕೇ ಮಾಸ್ಕ್ ಎಂದಳು ನರ್ಸ್. ಫೋನ್ ಇಟ್ಟು ಬೀರವ್ವ ಮುರಿಗೆವ್ವನ ಕಡೆ ತಿರುಗಿದಳು.

"ಅಕ್ಕಾರ, ಮೊದಲಿನ ಹಳದಿ ಹಾಲು ಹಿಂಡಿ ಚೆಲ್ಲರಿ ಅಂತ ಇಪ್ಪತ್ತು ವರ್ಷ ಎಲ್ಲಾರಿಗೂ ಹೇಳೀನಿ. ಅದು ತಪ್ಪು ಅಂತ ಇಂಥಾ ಒಬ್ಬ ನರ್ಸಬಾಯಿನ ಕಲಿಸಿದ್ಳು. ಎಷ್ಟು ಕೂಸಿನ ಬಾಯಾಗಿಂದು ಕಸಗೊಂಡೀನೋ ಏನೋ. ಈ ಸಲ ಅವರ ಮಾತು ಕೇಳೂಣ್ರಿ."

ಮುರಿಗೆವ್ವ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಕೋಣೆಯ ಬಾಗಿಲಿಗೆ ಒಯ್ದಳು.

ಕಷ್ಟ ಶುರುವಾದದ್ದು ಅಲ್ಲಿ. ಸೌಮ್ಯಾಳ ಎದೆ ಹಾಲು ಕಟ್ಟಿ ಬಿಗಿದುಹೋಗಿತ್ತು. ಕೂಸಿಗೆ ಬಾಯಲ್ಲಿ ಹಿಡಿಯಲಾಗದು.

"ಆಯಿ, ಕಲ್ಲಿನಂಗ ಆಗೇತ್ರಿ. ಮುಟ್ಟಿದ್ರ ಜೀವ ಹೋಗತೈತಿ" ಎಂದು ಸೌಮ್ಯಾ ಕಿಟಕಿಯಿಂದ ಬೀರವ್ವನನ್ನು ಕೂಗಿ ಅತ್ತಳು.

ಬೀರವ್ವ ಕಿಟಕಿಯ ಹೊರಗೆ, ಮಾರು ದೂರದಲ್ಲಿ, ಸೆರಗಿನಿಂದ ಮೂಗು ಮುಚ್ಚಿ ನಿಂತಳು. ಅಲ್ಲಿಯವರೆಗೆ ಎಲ್ಲವನ್ನೂ ಕೈಯಿಂದ ಮಾಡಿ ತೋರಿಸಿದವಳು. ಬಾಯಲ್ಲಿ ಹೇಳಲು ಹೋದರೆ ಮಾತೇ ಸಿಗಲೊಲ್ಲದು. ಕೊನೆಗೆ ತನ್ನ ಮುಷ್ಟಿಯನ್ನೇ ಎದೆಯೆಂದು ತೋರಿಸಿದಳು.

"ಮೊದಲ ಬಿಸ್ನೀರಾಗ ಅರಿವಿ ಅದ್ದಿ ಎದಿ ಮ್ಯಾಲ ಇಟ್ಕೊ, ತಂಗಿ. ಇನ್ನ ಮೆತ್ತಗ ಹಿಂಡು. ಹಿಸಕಬ್ಯಾಡ! ಹಿಂಡು. ಅಷ್ಟು ಸಡಲಾತೇನು? ಈಗ ಕೂಸಿನ ಹೊಟ್ಟಿ ನಿನ್ನ ಹೊಟ್ಟಿಗೆ ಹಚ್ಚು. ಬಾಯಿ ದೊಡ್ಡದು ತಗೀಲಿ, ಗಡಿಬಿಡಿ ಮಾಡಬ್ಯಾಡ."

ಮೊದಲ ದಿನ ಕೂಸು ಚೀಪಿ ಚೀಪಿ ಬಿಟ್ಟಿತು. ಹಿಂಡಿದ ಹಾಲನ್ನು ಮುರಿಗೆವ್ವ ಚಮಚದಲ್ಲಿ ಕುಡಿಸಿದಳು. ಬೀರವ್ವ ದಿನಕ್ಕೆ ಮೂರು ಸಲ ಬಂದಳು. ಮೂರನೆಯ ದಿನ ಮಧ್ಯಾಹ್ನ ಸೌಮ್ಯಾಳ ಗಂಡ ಪ್ರಸಾದ ಊಟಕ್ಕೆ ಕೂತಿದ್ದ. ಕೋಣೆಯಲ್ಲಿ ಏಕಾಏಕಿ ಅಳು ನಿಂತಿತು. ಅವನು ಗಾಬರಿಯಾಗಿ ಎದ್ದ.

"ಕುಂದರೋ, ಕುಡ್ಯಾಕತ್ತೇತಿ" ಎಂದಳು ರೊಟ್ಟಿ ಬಡಿಯುತ್ತಿದ್ದ ಮುರಿಗೆವ್ವ. ಗುಟುಕಿನ ಸದ್ದು ಬಾಗಿಲವರೆಗೂ ಕೇಳುತ್ತಿತ್ತು. ಅವಳು ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು.

ಸೌಮ್ಯಾ ಗುಣವಾದಳು. ಕೂಸಿಗೆ ಜ್ವರ ಸುಳಿಯಲಿಲ್ಲ. ಐದನೆಯ ವಾರ ಬೀರವ್ವನಿಗೆ ಬಚ್ಚಲಿಗೆ ಕರೆ ಬಂತು. ಅವಳ ಕಾಲ ಮೇಲೆ ಮಲಗಿದ ಕೂಸು ಓಣಿಗೆಲ್ಲ ಕೇಳುವಂತೆ ಕೂಗಿತು.

ಈಗ ಮೊಣಕಾಲು ನೋವಿನಿಂದ ಬೀರವ್ವ ನೆಲಕ್ಕೆ ಕೂರುವುದಿಲ್ಲ. ಕುರ್ಚಿ ಹಾಕಿಸಿಕೊಂಡು ಎಳೆಯ ತಾಯಂದಿರಿಗೆ ಬಾಯಲ್ಲೇ ಹೇಳಿಕೊಡುತ್ತಾಳೆ. ತನಗೆ ಗೊತ್ತಿಲ್ಲದ್ದನ್ನು ಯಾರಾದರೂ ಕೇಳಿದರೆ "ತಡೀ, ನರ್ಸಬಾಯಿನ್ನ ಕೇಳೂಣು" ಎನ್ನುತ್ತಾಳೆ, ಸ್ವಲ್ಪವೂ ಸಂಕೋಚವಿಲ್ಲದೆ.